ಅಂಕೀಯ ಉಪಗ್ರಹ ಪ್ರಸಾರದ ಪರಿಭಾಷೆ: ತರಂಗಾಂತರ, ಸಂಕೇತ, ವಾಹಿನಿ

ಪೀಠಿಕೆ

ಒಂದು ಶಾಸ್ತ್ರ ಬೆಳೆದಂತೆ ಅದರ ಪರಿಭಾಷೆಯೂ ಬೆಳೆಯುತ್ತದೆ. ಹೊಸ ವಸ್ತುವೊಂದು ಬಳಕೆಗೆ ಬಂದಾಗ ಅದಕ್ಕೆ ಹೆಸರಿಡುವುದು ಒಂದು ಬಗೆಯ ಕೆಲಸ. ಒಂದೇ ಎಂದು ತಿಳಿದಿದ್ದ ವಸ್ತು ಎರಡಾಗಿ, ಮೂರಾಗಿ ಒಡೆದಾಗ ಹಳೆಯ ಹೆಸರು ಅವುಗಳಲ್ಲಿ ಯಾವುದಕ್ಕೆ ಸಲ್ಲಬೇಕೆಂದು ನಿರ್ಣಯಿಸುವುದು ಇನ್ನೊಂದು ಬಗೆಯ ಕೆಲಸ. ಮೊದಲನೆಯದಕ್ಕಿಂತ ಎರಡನೆಯದು ಕಠಿಣವಾದದ್ದು. ಏಕೆಂದರೆ ಅಲ್ಲಿ ಪದದ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಇರುವ ಪದವೇ ಸಾಕೆಂದು ತೋರುತ್ತದೆ, ಅರ್ಥ ಮಾತ್ರ ಕದಡಿಹೋಗಿರುತ್ತದೆ. ಅಂಕೀಯ ಉಪಗ್ರಹ ಪ್ರಸಾರವು ಕನ್ನಡ ಪರಿಭಾಷೆಯ ಮುಂದೆ ಇಟ್ಟಿರುವುದು ಮುಖ್ಯವಾಗಿ ಈ ಎರಡನೆಯ ಬಗೆಯ ಸಮಸ್ಯೆಯನ್ನು.

ಪ್ರಸಾರ ಕ್ಷೇತ್ರದ ಹೆಸರುಗಳ ವಿಷಯದಲ್ಲಿ ಕನ್ನಡಕ್ಕೆ ಬಡತನವಿಲ್ಲ. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಸಂದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿ ಸಂಸ್ಥೆಯ ಹೆಸರಾಯಿತು. ಬಾನುಲಿ, ಪ್ರಸಾರ, ಬಿತ್ತರ, ದೂರದರ್ಶನ, ಉಪಗ್ರಹ, ವಾಹಿನಿ ಮೊದಲಾದ ಪದಗಳು ಇಂದು ಯಾರಿಗೂ ಹೊಸವಲ್ಲ. ಇಂಗ್ಲಿಷಿನ ‘ಬ್ರಾಡ್‌ಕಾಸ್ಟ್’ ಎಂಬುದು ಬೀಜವನ್ನು ಎರಚಿ ಬಿತ್ತುವ ಕ್ರಿಯೆಯಿಂದ ಬಂದ ಪದ. ಕನ್ನಡದ ‘ಬಿತ್ತರ’ವು ‘ವಿಸ್ತರ’ದ ತದ್ಭವವಾದರೂ ಕಿವಿಗೆ ಬಿತ್ತನೆಯನ್ನೇ ನೆನಪಿಸುತ್ತದೆ. ಹೀಗೆ ಒದಗಿಬಂದ ಪದಗಳು ಸಾದೃಶ್ಯ ಪ್ರಸಾರದ, ಎಂದರೆ ಅನಲಾಗ್ ಪ್ರಸಾರದ ಕಾಲಕ್ಕೆ ಸಾಕಾಗುತ್ತಿದ್ದವು.

ಆ ಕಾಲದಲ್ಲಿ ಒಂದು ವಾಹಿನಿಗೆ ಒಂದು ಆವೃತ್ತಿ, ಒಂದು ಆವೃತ್ತಿಯಲ್ಲಿ ಒಂದು ಚಿತ್ರ ಎಂಬ ಸಮೀಕರಣವಿತ್ತು. ಅಂಕೀಯ ವಿಧಾನದಲ್ಲಿ ಈ ಸಮೀಕರಣ ಮುರಿದುಬಿತ್ತು. ‘ತರಂಗಾಂತರ’, ‘ಸಂಕೇತ’, ‘ವಾಹಿನಿ’ ಎಂಬ ಮೂರು ಪದಗಳು ಈಗ ತಲಾ ಮೂರು ನಾಲ್ಕು ಅರ್ಥಗಳ ಹೊರೆಯನ್ನು ಹೊತ್ತು ನಿಂತಿವೆ. ಕಾರ್ಯಕ್ರಮವೊಂದು ಪ್ರಸಾರ ಕೇಂದ್ರದಿಂದ ಹೊರಟು ಮನೆಯ ಪರದೆಯನ್ನು ಸೇರುವವರೆಗಿನ ಹಾದಿಯನ್ನು ಅನುಸರಿಸಿ, ಪ್ರತಿ ಘಟ್ಟದ ಪಾರಿಭಾಷಿಕ ಪದಗಳನ್ನು ವಿವರಿಸುವುದು, ಈ ಮೂರು ಪದಗಳ ಹೊರೆಯನ್ನು ಹಂಚುವ ಬಗೆಯನ್ನು ಸೂಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚಾರಿತ್ರಿಕ ಹಿನ್ನೆಲೆ

ಭೂಮಿಯ ಸುತ್ತಲಿನ ನಿಶ್ಚಿತ ಎತ್ತರದ ಕಕ್ಷೆಯಲ್ಲಿ ಮೂರು ಪ್ರಸಾರ ನಿಲ್ದಾಣಗಳನ್ನಿರಿಸಿದರೆ ಬಹುಪಾಲು ಜಗತ್ತಿಗೆ ಪ್ರಸಾರ ಸಾಧ್ಯವೆಂಬ ವಿಚಾರವನ್ನು ಆರ್ಥರ್ ಸಿ. ಕ್ಲಾರ್ಕ್ 1945ರ ಅಕ್ಟೋಬರ್‌ನಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ಮಂಡಿಸಿದರು. 1962ರಲ್ಲಿ ಟೆಲ್‌ಸ್ಟಾರ್ ಉಪಗ್ರಹ ಅಟ್ಲಾಂಟಿಕ್ ಸಾಗರದ ಆಚೆಗೆ ದೂರದರ್ಶನದ ಚಿತ್ರಗಳನ್ನು ದಾಟಿಸಿತು. 1965ರಲ್ಲಿ ‘ಅರ್ಲಿ ಬರ್ಡ್’ ಎಂದು ಹೆಸರಾದ ಇಂಟೆಲ್‌ಸ್ಯಾಟ್-1 ಭೂಸ್ಥಿರ ಕಕ್ಷೆಯಿಂದ ವಾಣಿಜ್ಯ ಸೇವೆಯನ್ನು ಆರಂಭಿಸಿತು.

ಭಾರತದಲ್ಲಿ ಈ ತಂತ್ರಜ್ಞಾನದ ಮೊದಲ ದೊಡ್ಡ ಪ್ರಯೋಗ ‘ಸೈಟ್’ ಎಂಬ ಹೆಸರಿನ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳು ತಲುಪಿದವು. ಕರ್ನಾಟಕದ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಇವುಗಳಲ್ಲಿ ಸೇರಿದ್ದವು. ಸುಮಾರು ಮೂರು ಮೀಟರ್ ವ್ಯಾಸದ ತಂತಿ ಜಾಲರಿಯ ಆಂಟೆನಾವನ್ನು ಹಳ್ಳಿಯಲ್ಲಿ ನಿಲ್ಲಿಸಿ, ಊರಿನವರೆಲ್ಲ ಕೂಡಿ ನೋಡುವ ಪೆಟ್ಟಿಗೆಗೆ ಅದನ್ನು ಜೋಡಿಸಲಾಗಿತ್ತು. ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳುಹಿಸುವ ಅನುಕೂಲ ಈ ವ್ಯವಸ್ಥೆಯಲ್ಲಿತ್ತು. ಚಿತ್ರ ಒಂದೇ ಆದರೂ ಭಾಷೆ ಎರಡಾಗಬಹುದು ಎಂಬ ಈ ಸಂಗತಿಯನ್ನು ಮುಂದೆ ‘ವಾಹಿನಿ’ಯನ್ನು ಕುರಿತು ಹೇಳುವಾಗ ನೆನೆಯಬೇಕಾಗುತ್ತದೆ.

1983ರ ಆಗಸ್ಟ್‌ನಲ್ಲಿ ಉಡಾವಣೆಯಾದ ಇನ್ಸಾಟ್-1ಬಿ ದೇಶದ ದೂರದರ್ಶನ ವಿಸ್ತರಣೆಗೆ ಆಧಾರವಾಯಿತು. ಇನ್ಸಾಟ್ ಸರಣಿಯ ಉಪಗ್ರಹಗಳ ನಿಯಂತ್ರಣ ಕೇಂದ್ರ 1982ರಿಂದ ಹಾಸನದಲ್ಲಿದೆ. 1994ರಲ್ಲಿ ಉದಯ ಟಿವಿಯಿಂದ ಕನ್ನಡದ ಖಾಸಗಿ ಉಪಗ್ರಹ ವಾಹಿನಿಗಳ ಕಾಲ ಮೊದಲಾಯಿತು. ಅದೇ ವರ್ಷ ಯೂರೋಪಿನಲ್ಲಿ ಡಿವಿಬಿ-ಎಸ್ ಎಂಬ ಅಂಕೀಯ ಉಪಗ್ರಹ ಪ್ರಸಾರದ ಮಾನಕ ರೂಪುಗೊಂಡಿತು. ಭಾರತದಲ್ಲಿ ಮನೆಗೆ ನೇರ ಪ್ರಸಾರ, ಎಂದರೆ ಡಿಟಿಎಚ್, 2003ರಲ್ಲಿ ಖಾಸಗಿಯಾಗಿ ಆರಂಭವಾಯಿತು. 2004ರ ಡಿಸೆಂಬರ್‌ನಲ್ಲಿ ದೂರದರ್ಶನದ ‘ಡಿಡಿ ಡೈರೆಕ್ಟ್ ಪ್ಲಸ್’ ಬಂದಿತು. ಅದೇ ಈಗಿನ ‘ಡಿಡಿ ಫ್ರೀ ಡಿಶ್’. ಕೇಬಲ್ ಜಾಲಗಳೂ ಕಾನೂನಿನ ಮೂಲಕ ಅಂಕೀಯಗೊಂಡವು. ಬೆಂಗಳೂರು ಮತ್ತು ಮೈಸೂರು 2013ರ ಎರಡನೆಯ ಹಂತದಲ್ಲಿ ಸೇರಿದವು. ಕೊನೆಯ ಹಂತದ ಗಡುವು 2017ರ ಮಾರ್ಚ್‌ಗೆ ಮುಗಿಯಿತು. ಹೀಗೆ ತಂತ್ರಜ್ಞರ ಕೋಣೆಯಲ್ಲಿದ್ದ ಪದಗಳು ಒಂದೂವರೆ ದಶಕದೊಳಗೆ ಹಳ್ಳಿಯ ಮನೆಯ ಪರದೆಯ ಮೇಲೆ ಬಂದು ನಿಂತವು.

ಕಕ್ಷೆ ಮತ್ತು ದಿಕ್ಕಿನ ಪದಗಳು

ಸಮಭಾಜಕ ವೃತ್ತದ ನೇರ ಮೇಲೆ, ನೆಲದಿಂದ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹವು ಭೂಮಿಯ ಆವರ್ತನೆಯಷ್ಟೇ ಕಾಲದಲ್ಲಿ, ಎಂದರೆ 23 ಗಂಟೆ 56 ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ನೆಲದಲ್ಲಿರುವವರಿಗೆ ಅದು ನಿಂತಂತೆ ತೋರುತ್ತದೆ. ಇದಕ್ಕೆ ‘ಭೂಸ್ಥಿರ ಕಕ್ಷೆ’ ಎಂಬ ಹೆಸರು ಅನ್ವರ್ಥಕವಾಗಿದೆ, ರೂಢಿಯಲ್ಲಿಯೂ ನಿಂತಿದೆ. ಉಪಗ್ರಹ ನಿಜವಾಗಿ ಅಲುಗದೆ ನಿಲ್ಲುವುದಿಲ್ಲ. ಸೂರ್ಯಚಂದ್ರರ ಸೆಳೆತದಿಂದಲೂ ಭೂಮಿಯ ಆಕಾರದ ವೈಷಮ್ಯದಿಂದಲೂ ಅದು ಜಾರುತ್ತಿರುತ್ತದೆ. ಸಾಮಾನ್ಯವಾಗಿ ಅದನ್ನು 0.1 ಡಿಗ್ರಿಯ ಮಿತಿಯಲ್ಲಿ ಹಿಡಿದಿಡಬೇಕು. ಆ ಎತ್ತರದಲ್ಲಿ ಇದು ಸುಮಾರು 74 ಕಿಲೋಮೀಟರ್ ಆಗುತ್ತದೆ. ಹಾಸನದ ಕೇಂದ್ರದ ನಿತ್ಯಕರ್ಮಗಳಲ್ಲಿ ಇದೂ ಒಂದು. ಇದನ್ನು ‘ಸ್ಥಾನರಕ್ಷಣೆ’ ಎನ್ನಬಹುದು.

ಗ್ರಾಹಕ ಆಂಟೆನಾವನ್ನು ಉಪಗ್ರಹದತ್ತ ತಿರುಗಿಸಲು ಎರಡು ಕೋನಗಳು ಬೇಕು. ಉತ್ತರದಿಂದ ಪ್ರದಕ್ಷಿಣವಾಗಿ ಅಳೆಯುವ ಕೋನ ‘ದಿಗಂಶ’. ಕ್ಷಿತಿಜದಿಂದ ಮೇಲಕ್ಕೆ ಅಳೆಯುವ ಕೋನ ‘ಉನ್ನತಿ’. ಇವೆರಡೂ ಖಗೋಳಶಾಸ್ತ್ರದಿಂದ ಬಂದ ಪದಗಳಾದ್ದರಿಂದ ಹೊಸದಾಗಿ ಟಂಕಿಸಬೇಕಾಗಿಲ್ಲ. ಡಿಡಿ ಫ್ರೀ ಡಿಶ್ ಸೇವೆಯನ್ನು ಹೊತ್ತ ಜಿಸ್ಯಾಟ್-15 ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಲೆಕ್ಕ ಮಾಡಿದರೆ ಬೆಂಗಳೂರಿನಲ್ಲಿ ಅದರ ದಿಗಂಶ ಸುಮಾರು 128 ಡಿಗ್ರಿ, ಉನ್ನತಿ ಸುಮಾರು 66 ಡಿಗ್ರಿ. ಕಲಬುರಗಿಯಲ್ಲಿ ದಿಗಂಶ 135 ಡಿಗ್ರಿ, ಎಂದರೆ ನೇರ ಆಗ್ನೇಯ ದಿಕ್ಕು. ಉನ್ನತಿ 62 ಡಿಗ್ರಿ. ಮನೆಯ ಮೇಲಿನ ಸಣ್ಣ ತಟ್ಟೆಗಳಲ್ಲಿ ಗ್ರಾಹಕ ಭಾಗವು ಮಧ್ಯದಲ್ಲಿರದೆ ಕೆಳಗೆ ಸರಿದಿರುತ್ತದೆ. ಆದಕಾರಣ ತಟ್ಟೆ ನೋಡುವವರ ಕಣ್ಣಿಗೆ ಇದಕ್ಕಿಂತ ಇಪ್ಪತ್ತು ಡಿಗ್ರಿಗೂ ಮಿಕ್ಕಿ ನೆಟ್ಟಗೆ ನಿಂತಂತೆ ಕಾಣುತ್ತದೆ. ಗ್ರಾಹಕ ಭಾಗವನ್ನು ತನ್ನ ಅಕ್ಷದ ಮೇಲೆ ಹೊರಳಿಸುವ ಮೂರನೆಯ ಕೋನವನ್ನು ‘ಓರೆ’ ಎಂದರೆ ಸಾಕು.

ತರಂಗಾಂತರ

ಈ ಪದದ ರಚನೆ ಸ್ಪಷ್ಟವಾಗಿದೆ. ತರಂಗ ತರಂಗಗಳ ನಡುವಣ ಅಂತರ ತರಂಗಾಂತರ. ಹಾಗೆ ನೋಡಿದರೆ ಇದು ಉದ್ದವನ್ನು ಹೇಳುವ ಪದ, ಮೀಟರಿನಲ್ಲಿ ಅಳೆಯಬೇಕಾದದ್ದು. ಹಳೆಯ ರೇಡಿಯೋ ಪೆಟ್ಟಿಗೆಗಳ ಮುಖಫಲಕದ ಮೇಲೆ 25 ಮೀಟರ್, 31 ಮೀಟರ್ ಎಂದು ನಮೂದಾಗಿರುತ್ತಿದ್ದ ಕಾಲದಲ್ಲಿ ಈ ಪ್ರಯೋಗ ಸರಿಯಾಗಿಯೇ ಇತ್ತು. ಕ್ರಮೇಣ ಅಳತೆ ಕಿಲೋಹರ್ಟ್ಸ್, ಮೆಗಾಹರ್ಟ್ಸ್‌ಗಳಿಗೆ ಬದಲಾಯಿತು. ಪದ ಮಾತ್ರ ಬದಲಾಗಲಿಲ್ಲ. ದೂರಸಂಪರ್ಕ ಪರವಾನಗಿಗಳ ಹಗರಣದ ವರದಿಗಳಲ್ಲಿ ‘2ಜಿ ತರಂಗಾಂತರ ಹಂಚಿಕೆ’ ಎಂದು ಪತ್ರಿಕೆಗಳು ಬರೆದಾಗ ಅದರ ಅರ್ಥ ಮತ್ತೂ ಹಿಗ್ಗಿ ‘ಸ್ಪೆಕ್ಟ್ರಮ್’ ಎಂದಾಯಿತು. ಹೀಗೆ ಅಲೆಯ ಉದ್ದ, ಒಂದು ಸೆಕೆಂಡಿನ ಕಂಪನಗಳ ಸಂಖ್ಯೆ, ಕಂಪನಗಳ ಒಂದು ಪಟ್ಟಿ, ಇಡೀ ರೋಹಿತ ಎಂಬ ನಾಲ್ಕು ಭಾವನೆಗಳು ಒಂದು ಪದದೊಳಗೆ ಸೇರಿಕೊಂಡಿವೆ.

ಉಪಗ್ರಹ ಪ್ರಸಾರವನ್ನು ವಿವರಿಸುವಾಗ ಈ ನಾಲ್ಕೂ ಬೇರೆ ಬೇರೆಯಾಗಿ ಬೇಕಾಗುತ್ತವೆ. ಸಿ ಪಟ್ಟಿಯಲ್ಲಿ ಭೂಮಿಗೆ ಇಳಿಯುವ ಅಲೆಗಳು ಸುಮಾರು 4 ಗಿಗಾಹರ್ಟ್ಸ್ ಆವೃತ್ತಿಯವು; ಅವುಗಳ ತರಂಗದೂರ ಏಳೂವರೆ ಸೆಂಟಿಮೀಟರ್. ಕೆಯು ಪಟ್ಟಿಯಲ್ಲಿ ಆವೃತ್ತಿ ಸುಮಾರು 12 ಗಿಗಾಹರ್ಟ್ಸ್; ತರಂಗದೂರ ಎರಡೂವರೆ ಸೆಂಟಿಮೀಟರ್. ತರಂಗದೂರ ಕಡಿಮೆಯಾದಷ್ಟೂ ಅಷ್ಟೇ ಗಾತ್ರದ ತಟ್ಟೆ ಹೆಚ್ಚು ಚೂಪಾಗಿ ಒಂದೇ ದಿಕ್ಕನ್ನು ನೋಡಬಲ್ಲದು. ಕೆಯು ಪಟ್ಟಿಗೆ 60 ಸೆಂಟಿಮೀಟರ್ ತಟ್ಟೆ ಸಾಕಾಗಲು, ಕೇಬಲ್ ಕೇಂದ್ರಗಳ ಸಿ ಪಟ್ಟಿಯ ತಟ್ಟೆಗಳು ಎರಡು ಮೂರು ಮೀಟರ್ ಇರಲು ಇದೊಂದು ಮುಖ್ಯ ಕಾರಣ. ಕೆಯು ಪಟ್ಟಿಯ ಉಪಗ್ರಹಗಳು ಹೆಚ್ಚಿನ ಶಕ್ತಿಯಿಂದ ಪ್ರಸಾರ ಮಾಡುವುದು ಮತ್ತೊಂದು. ಅದೇ ಗಿಡ್ಡ ಅಲೆಗಳನ್ನು ಮಳೆಯ ಹನಿಗಳು ಹೆಚ್ಚಾಗಿ ಹೀರುತ್ತವೆ, ಚದುರಿಸುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಆಷಾಢದ ಜಡಿಮಳೆಯ ಹೊತ್ತಿಗೆ ಪರದೆ ಕಪ್ಪಾಗುವುದಕ್ಕೆ ಕಾರಣ ಇಲ್ಲಿದೆ. ಇದು ‘ಮಳೆಯ ಕ್ಷಯ’. ತರಂಗಾಂತರ ಎಂಬ ಒಂದೇ ಪದವನ್ನು ಹಿಡಿದು ಈ ಕಾರಣವನ್ನು ಹೇಳಹೊರಟರೆ, ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದೇ ಓದುಗನಿಗೆ ತಿಳಿಯದೆ ಹೋಗುತ್ತದೆ.

ಕರ್ನಾಟಕದ ಶಾಲಾ ವಿಜ್ಞಾನ ಪಠ್ಯಗಳಲ್ಲಿ ‘ಆವೃತ್ತಿ’, ‘ತರಂಗದೂರ’, ‘ರೋಹಿತ’ ಎಂಬ ಪದಗಳು ನೆಲೆಗೊಂಡಿವೆ. ಹತ್ತನೆಯ ತರಗತಿಯ ವಿದ್ಯಾರ್ಥಿ ಕಲಿತ ಪದವನ್ನೇ ತಾಂತ್ರಿಕ ಬರಹದಲ್ಲಿ ಬಳಸುವುದು ಉಚಿತ. ಪುಸ್ತಕದ ಮುದ್ರಣಕ್ಕೂ ‘ಆವೃತ್ತಿ’ ಎನ್ನುತ್ತೇವೆಂಬ ಆಕ್ಷೇಪಣೆಗೆ ಬಲವಿಲ್ಲ; ಸಂದರ್ಭ ಎರಡನ್ನೂ ಬೇರ್ಪಡಿಸುತ್ತದೆ. ಪತ್ರಿಕೆಗಳು ‘ತರಂಗಾಂತರ’ವನ್ನು ಸಾರ್ವಜನಿಕ ಸಂಪತ್ತಾದ ರೇಡಿಯೋ ರೋಹಿತ ಎಂಬ ಅರ್ಥದಲ್ಲಿ ಉಳಿಸಿಕೊಳ್ಳಬಹುದು. ಅಂಕಿಯ ಜೊತೆಗೆ ಬರುವ ಕಡೆಗಳಲ್ಲಿ ಮಾತ್ರ ‘ಆವೃತ್ತಿ’ಯೇ ಬರಬೇಕು.

ಮೇಲ್ಮುಖ ಸಂಪರ್ಕ, ಕೆಳಮುಖ ಸಂಪರ್ಕ

ಭೂಕೇಂದ್ರದಿಂದ ಉಪಗ್ರಹಕ್ಕೆ ಏರುವ ಹಾದಿ ಅಪ್‌ಲಿಂಕ್. ಉಪಗ್ರಹದಿಂದ ನೆಲಕ್ಕೆ ಇಳಿಯುವ ಹಾದಿ ಡೌನ್‌ಲಿಂಕ್. ಕನ್ನಡದಲ್ಲಿ ‘ಮೇಲ್ಮುಖ ಸಂಪರ್ಕ’, ‘ಕೆಳಮುಖ ಸಂಪರ್ಕ’ ಎಂದರೆ ಅರ್ಥ ತಪ್ಪುವುದಿಲ್ಲ. ಎರಡು ಹಾದಿಗಳಿಗೂ ಒಂದೇ ಆವೃತ್ತಿಯನ್ನು ಬಳಸುವಂತಿಲ್ಲ. ಹಾಗೆ ಮಾಡಿದರೆ ಉಪಗ್ರಹ ತಾನೇ ಕೂಗಿದ್ದನ್ನು ತಾನೇ ಕೇಳಿಸಿಕೊಳ್ಳಬೇಕಾಗುತ್ತದೆ. ಸಿ ಪಟ್ಟಿಯಲ್ಲಿ ಸುಮಾರು 6 ಗಿಗಾಹರ್ಟ್ಸ್‌ನಲ್ಲಿ ಏರಿದ ಅಲೆ ಸಾಮಾನ್ಯವಾಗಿ 2,225 ಮೆಗಾಹರ್ಟ್ಸ್ ಕಡಿಮೆಯಾಗಿ ಇಳಿಯುತ್ತದೆ. ಬಂದ ಅಲೆಯನ್ನು ಹಿಡಿದು, ಅದರ ಆವೃತ್ತಿಯನ್ನು ಬದಲಿಸಿ, ಬಲವನ್ನು ಹೆಚ್ಚಿಸಿ ಹಿಂದಿರುಗಿಸುವ ಘಟಕವೇ ಟ್ರಾನ್ಸ್‌ಪಾಂಡರ್. ಟ್ರಾನ್ಸ್‌ಮಿಟರ್ ಮತ್ತು ರೆಸ್ಪಾಂಡರ್ ಎಂಬೆರಡು ಪದಗಳನ್ನು ಬೆಸೆದು ಇಂಗ್ಲಿಷಿನಲ್ಲಿಯೇ ಕೃತಕವಾಗಿ ಮಾಡಿಕೊಂಡ ಈ ಹೆಸರನ್ನು ಕನ್ನಡದಲ್ಲಿ ಹಾಗೆಯೇ ಇರಿಸಿಕೊಳ್ಳುವುದು ಲೇಸು. ಒಂದು ಟ್ರಾನ್ಸ್‌ಪಾಂಡರಿನ ಪಟ್ಟಿಯ ಅಗಲ ಹಲವು ಉಪಗ್ರಹಗಳಲ್ಲಿ 36 ಮೆಗಾಹರ್ಟ್ಸ್ ಇರುತ್ತದೆ.

ಉಪಗ್ರಹದ ಪ್ರಸಾರ ಭೂಮಿಯ ಮೇಲೆ ಬೀಳುವ ಪ್ರದೇಶವನ್ನು ಇಂಗ್ಲಿಷಿನಲ್ಲಿ ‘ಫುಟ್‌ಪ್ರಿಂಟ್’ ಎನ್ನುತ್ತಾರೆ. ಇದನ್ನು ‘ಹೆಜ್ಜೆಗುರುತು’ ಎಂದು ಕನ್ನಡಿಸಿದರೆ ಉಪಗ್ರಹ ನಡೆದುಹೋದ ಜಾಡು ಎಂಬ ತಪ್ಪು ಅರ್ಥ ಬರುತ್ತದೆ. ಇಂಗ್ಲಿಷಿನ ರೂಪಕವನ್ನು ಬಿಟ್ಟು ವಸ್ತುವಿನ ಕಾರ್ಯವನ್ನು ಹಿಡಿದು ‘ವ್ಯಾಪ್ತಿ ಪ್ರದೇಶ’ ಎನ್ನುವುದು ಸರಿ. ವ್ಯಾಪ್ತಿ ನಕ್ಷೆಗಳಲ್ಲಿ ಬರೆದಿರುವ ಡಿಬಿಡಬ್ಲ್ಯೂ ಅಂಕಿಗಳು ಆ ದಿಕ್ಕಿಗೆ ಹೊಮ್ಮುವ ಪರಿಣಾಮಕಾರಿ ಶಕ್ತಿಯನ್ನು ಹೇಳುತ್ತವೆ. 50 ಡಿಬಿಡಬ್ಲ್ಯೂ ಎಂದರೆ ಒಂದು ಲಕ್ಷ ವ್ಯಾಟ್. ಉಪಗ್ರಹದ ವರ್ಧಕ ಅಷ್ಟು ಶಕ್ತಿಯನ್ನು ಉತ್ಪಾದಿಸುವುದಿಲ್ಲ. ಆಂಟೆನಾ ಇರುವ ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಕೂಡಿಸುವುದರಿಂದ ಆ ದಿಕ್ಕಿನಲ್ಲಿ ನಿಂತವರಿಗೆ ಅಷ್ಟು ಶಕ್ತಿಯ ಮೂಲವಿದ್ದಂತೆ ಭಾಸವಾಗುತ್ತದೆ. 36,000 ಕಿಲೋಮೀಟರ್ ಹಾದಿಯಲ್ಲಿ 12 ಗಿಗಾಹರ್ಟ್ಸ್ ಅಲೆಗೆ ಆಗುವ ನಷ್ಟ ಸುಮಾರು 205 ಡೆಸಿಬೆಲ್. ಮೂರು ಡೆಸಿಬೆಲ್ ಎಂದರೆ ಶಕ್ತಿ ಅರ್ಧವಾಯಿತೆಂದು ಅರ್ಥ. ಹೀಗೆ ಅರವತ್ತೆಂಟು ಸಲ ಅರ್ಧಿಸಿದರೆ ಉಳಿಯುವುದೆಷ್ಟೋ ಅಷ್ಟು ಮಾತ್ರ ತಟ್ಟೆಗೆ ಸಿಗುತ್ತದೆ.

ತಟ್ಟೆಯ ಮುಂದಿರುವ ಎಲ್‌ಎನ್‌ಬಿ ಎಂಬ ಸಾಧನ ಈ ಕ್ಷೀಣ ಅಲೆಯನ್ನು ತನ್ನ ಗದ್ದಲವನ್ನು ಆದಷ್ಟು ಕಡಿಮೆ ಸೇರಿಸಿ ವರ್ಧಿಸುತ್ತದೆ. ಅಲ್ಲದೆ ತಂತಿಯಲ್ಲಿ ಸಾಗಬಲ್ಲ ಕೆಳಗಿನ ಆವೃತ್ತಿಗೆ ಇಳಿಸುತ್ತದೆ. 11,090 ಮೆಗಾಹರ್ಟ್ಸ್ ಅಲೆ ಬಂದಾಗ ಎಲ್‌ಎನ್‌ಬಿಯೊಳಗಿನ 9,750 ಮೆಗಾಹರ್ಟ್ಸ್ ಆಂದೋಲಕದ ಆವೃತ್ತಿಯನ್ನು ಕಳೆದು 1,340 ಮೆಗಾಹರ್ಟ್ಸ್ ಉಳಿಯುತ್ತದೆ. ಮನೆಯ ಪೆಟ್ಟಿಗೆಯ ಪಟ್ಟಿಯಲ್ಲಿ ಈ ಎರಡು ಅಂಕಿಗಳನ್ನೂ ಕೇಳುವುದು ಇದಕ್ಕಾಗಿ. ಅಲೆ ಅಡ್ಡಲಾಗಿ ಆಡುತ್ತಿದೆಯೋ ಲಂಬವಾಗಿಯೋ ಎಂಬುದನ್ನು ‘ಧ್ರುವೀಕರಣ’ ಸೂಚಿಸುತ್ತದೆ. ಒಂದೇ ಆವೃತ್ತಿಯನ್ನು ಎರಡು ಧ್ರುವೀಕರಣಗಳಲ್ಲಿ ಎರಡು ಬಾರಿ ಬಳಸಬಹುದು. ಸಾಮಾನ್ಯವಾಗಿ ಪೆಟ್ಟಿಗೆಯಿಂದ 13 ವೋಲ್ಟ್ ಹೋದರೆ ಎಲ್‌ಎನ್‌ಬಿ ಲಂಬವನ್ನು, 18 ವೋಲ್ಟ್ ಹೋದರೆ ಅಡ್ಡವನ್ನು ಆಯ್ದುಕೊಳ್ಳುತ್ತದೆ. ರಾಜಕೀಯ ಬರಹಗಳಲ್ಲಿ ಈ ಪದಕ್ಕೆ ಬಂದಿರುವ ಅರ್ಥ ಇಲ್ಲಿ ತೊಡಕಾಗದು.

ಸಂಕೇತ

ಕನ್ನಡ ತಾಂತ್ರಿಕ ಬರಹಗಳಲ್ಲಿ ‘ಸಂಕೇತ’ವು ಸಿಗ್ನಲ್, ಸಿಂಬಲ್, ಕೋಡ್ ಎಂಬ ಮೂರು ಪದಗಳಿಗೂ ಸಲ್ಲುತ್ತಿದೆ. ಅದರಿಂದ ಹುಟ್ಟಿದ ‘ಸಂಕೇತೀಕರಣ’ವಂತೂ ಸಂಪೀಡನ, ದೋಷ ರಕ್ಷಣೆ, ಮಾಡ್ಯುಲೇಷನ್, ಗೂಢೀಕರಣ ಎಂಬ ನಾಲ್ಕು ಭಿನ್ನ ಕ್ರಿಯೆಗಳ ಮೇಲೆ ಹಾಸಿದ ಒಂದೇ ಕಂಬಳಿಯಾಗಿದೆ. ಈ ಕ್ರಿಯೆಗಳು ಒಂದಾದ ಮೇಲೊಂದರಂತೆ ನಡೆಯುತ್ತವೆ. ಅವುಗಳ ಉದ್ದೇಶಗಳೂ ಬೇರೆ.

ಮೊದಲನೆಯದು ಸಂಪೀಡನ. 720ಕ್ಕೆ 576 ಬಿಂದುಗಳ ಚಿತ್ರವನ್ನು ಸೆಕೆಂಡಿಗೆ 25 ಬಾರಿ, ಪ್ರತಿ ಬಿಂದುವಿಗೆ 16 ಬಿಟ್‌ಗಳಂತೆ ಅಂಕೀಯವಾಗಿ ಬರೆದರೆ ಸೆಕೆಂಡಿಗೆ ಸುಮಾರು 166 ಮೆಗಾಬಿಟ್ ಆಗುತ್ತದೆ. ಇಷ್ಟನ್ನು ಹೊರುವುದು ಒಂದು ಟ್ರಾನ್ಸ್‌ಪಾಂಡರಿಗೆ ಅಸಾಧ್ಯ. ಎಂಪೆಗ್-2 ವಿಧಾನದಲ್ಲಿ ಒಂದು ಚಿತ್ರವನ್ನು ಪೂರ್ಣವಾಗಿ ಕಳುಹಿಸಿ, ಮುಂದಿನವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಕಳುಹಿಸಲಾಗುತ್ತದೆ. ಕಣ್ಣು ಗುರುತಿಸದ ಸೂಕ್ಷ್ಮಗಳನ್ನು ಕೈಬಿಡಲಾಗುತ್ತದೆ. ಆಗ ಮೂರರಿಂದ ಐದು ಮೆಗಾಬಿಟ್ ಸಾಕಾಗುತ್ತದೆ. 2003ರಲ್ಲಿ ಬಂದ ಎಂಪೆಗ್-4ರ ಎವಿಸಿ ವಿಧಾನ ಇದನ್ನು ಸುಮಾರು ಅರ್ಧಕ್ಕೆ ಇಳಿಸಿತು.

ಎರಡನೆಯದು ದೋಷ ರಕ್ಷಣೆ. ಸಂಪೀಡನ ಅನಗತ್ಯವನ್ನು ಕಳೆದರೆ ಇದು ಬೇಕೆಂದೇ ಹೆಚ್ಚಿನ ಬಿಟ್‌ಗಳನ್ನು ಸೇರಿಸುತ್ತದೆ. ಹಾದಿಯಲ್ಲಿ ಕೆಲವು ಬಿಟ್‌ಗಳು ಕೆಟ್ಟರೂ ಮರಳಿ ಕೇಳದೆಯೇ ಗ್ರಾಹಕ ಅವನ್ನು ತಿದ್ದಿಕೊಳ್ಳಬಲ್ಲದು. ಎಫ್‌ಇಸಿ ಎಂದು ಬರೆಯುವ ಇದನ್ನು ‘ಮುಂಗಡ ದೋಷ ತಿದ್ದುಪಡಿ’ ಎನ್ನಬಹುದು. ಎಫ್‌ಇಸಿ 3/4 ಎಂದರೆ ಕಳುಹಿಸಿದ ಪ್ರತಿ ನಾಲ್ಕು ಬಿಟ್‌ಗಳಲ್ಲಿ ಮೂರು ವಿಷಯಕ್ಕೆ, ಒಂದು ರಕ್ಷಣೆಗೆ. ಇದಲ್ಲದೆ ಡಿವಿಬಿ-ಎಸ್ ಮಾನಕದಲ್ಲಿ ಪ್ರತಿ 188 ಬೈಟ್‌ಗಳ ಪೊಟ್ಟಣಕ್ಕೆ 16 ಬೈಟ್‌ಗಳ ರೀಡ್-ಸಾಲೊಮನ್ ರಕ್ಷೆಯನ್ನು ಸೇರಿಸಿ 204 ಮಾಡಲಾಗುತ್ತದೆ.

ಮೂರನೆಯದು ಮಾಡ್ಯುಲೇಷನ್, ಎಂದರೆ ವಾಹಕ ಅಲೆಯ ಮೇಲೆ ಈ ಬಿಟ್‌ಗಳನ್ನು ಏರಿಸುವುದು. ಕ್ಯೂಪಿಎಸ್‌ಕೆ ವಿಧಾನದಲ್ಲಿ ಅಲೆ ನಾಲ್ಕು ಪ್ರಾವಸ್ಥೆಗಳಲ್ಲಿ ಒಂದನ್ನು ತಾಳುತ್ತದೆ. ನಾಲ್ಕರಲ್ಲಿ ಒಂದು ಎನ್ನುವುದು ಎರಡು ಬಿಟ್‌ಗಳಿಗೆ ಸಮ. ಅಲೆ ತಾಳುವ ಇಂತಹ ಒಂದೊಂದು ಸ್ಥಿತಿಯೇ ಸಿಂಬಲ್; ಇದನ್ನು ‘ಚಿಹ್ನೆ’ ಎಂದೂ ಸೆಕೆಂಡಿಗೆ ಎಷ್ಟು ಚಿಹ್ನೆಗಳೆಂಬುದನ್ನು ‘ಚಿಹ್ನಾ ದರ’ ಎಂದೂ ಕರೆಯಬಹುದು. ಪೆಟ್ಟಿಗೆಯ ಪಟ್ಟಿಯಲ್ಲಿ ಕಾಣುವ 27,500 ಎಂಬ ಅಂಕಿ ಸೆಕೆಂಡಿಗೆ 2 ಕೋಟಿ 75 ಲಕ್ಷ ಚಿಹ್ನೆಗಳೆಂದು ಹೇಳುತ್ತದೆ. ಇದನ್ನು ಎರಡರಿಂದ ಗುಣಿಸಿದರೆ 55 ಮೆಗಾಬಿಟ್. ಅದರ ಮುಕ್ಕಾಲು 41.25, ಅದನ್ನು 188/204ರಿಂದ ಗುಣಿಸಿದರೆ 38 ಮೆಗಾಬಿಟ್. ಆ ಟ್ರಾನ್ಸ್‌ಪಾಂಡರ್ ಕಾರ್ಯಕ್ರಮಗಳಿಗಾಗಿ ಸೆಕೆಂಡಿಗೆ ನಿಜವಾಗಿ ಕೊಡಬಲ್ಲದ್ದು ಇಷ್ಟು. ಸಿಂಬಲ್ ದರವನ್ನೂ ಬಿಟ್ ದರವನ್ನೂ ‘ಸಂಕೇತ ದರ’ ಎಂದು ಬರೆದರೆ ಈ ಸರಳ ಲೆಕ್ಕವೇ ಕೆಟ್ಟುಹೋಗುತ್ತದೆ. ಮುಂದೆ ಬಂದ ಡಿವಿಬಿ-ಎಸ್2 ಮಾನಕದಲ್ಲಿ ಎಂಟು ಪ್ರಾವಸ್ಥೆಗಳ ವಿಧಾನವೂ ಸೇರಿ, ಒಂದು ಚಿಹ್ನೆ ಮೂರು ಬಿಟ್‌ಗಳನ್ನು ಹೊರುವಂತಾಯಿತು.

ಆದ್ದರಿಂದ ಸಿಗ್ನಲ್‌ಗೆ ರೂಢಿಯ ‘ಸಿಗ್ನಲ್’ ಅಥವಾ ‘ಸಂಜ್ಞೆ’, ಸಿಂಬಲ್‌ಗೆ ‘ಚಿಹ್ನೆ’, ಕೋಡ್‌ಗೆ ‘ಸಂಕೇತ’ ಎಂದು ಹಂಚಿಕೊಳ್ಳುವುದು ಅವಶ್ಯ.

ವಾಹಿನಿ

ಸಾದೃಶ್ಯ ಪ್ರಸಾರದಲ್ಲಿ ವಾಹಿನಿ ಎಂಬುದು ಹರಿಯುವ ಕಾಲುವೆಯೂ ಹೌದು, ಅದರಲ್ಲಿ ಹರಿಯುವ ನೀರೂ ಹೌದು. ಅಂಕೀಯ ಪ್ರಸಾರದಲ್ಲಿ ಇವು ಬೇರೆಯಾದವು. ಮೇಲೆ ಹೇಳಿದ 38 ಮೆಗಾಬಿಟ್‌ಗಳ ಹಾದಿಯಲ್ಲಿ ಹತ್ತು ಹನ್ನೆರಡು ಕಾರ್ಯಕ್ರಮ ಸೇವೆಗಳನ್ನು ಹೆಣೆದು ಕಳುಹಿಸಬಹುದು. ಹೀಗೆ ಹೆಣೆಯುವುದಕ್ಕೆ ಮಲ್ಟಿಪ್ಲೆಕ್ಸಿಂಗ್ ಎಂದು ಹೆಸರು. ಆದರೆ ‘ಮಲ್ಟಿಪ್ಲೆಕ್ಸ್’ ಎಂದರೆ ಕನ್ನಡಿಗರಿಗೆ ಈಗ ಚಿತ್ರಮಂದಿರಗಳ ಸಮುಚ್ಚಯವೇ ನೆನಪಾಗುವುದರಿಂದ ‘ಹೆಣಿಗೆ’ ಎಂಬ ಅಚ್ಚಗನ್ನಡ ಪದ ಇಲ್ಲಿ ಹೊಂದುತ್ತದೆ. ಹೆಣೆದ ಧಾರೆಯು ‘ಸಾಗಣೆ ಪ್ರವಾಹ’. ಅದರ ಘಟಕ 188 ಬೈಟ್‌ಗಳ ‘ಪೊಟ್ಟಣ’.

ಪ್ರತಿ ಪೊಟ್ಟಣದ ತಲೆಯಲ್ಲಿ ನಾಲ್ಕು ಬೈಟ್‌ಗಳ ವಿಳಾಸಪಟ್ಟಿ ಇರುತ್ತದೆ. ಅದರಲ್ಲಿ 13 ಬಿಟ್‌ಗಳ ಗುರುತಿನ ಸಂಖ್ಯೆಯೇ ಪಿಐಡಿ. 8,192 ಭಿನ್ನ ಸಂಖ್ಯೆಗಳಿಗೆ ಅವಕಾಶವಿದೆ. ಚಿತ್ರಕ್ಕೊಂದು, ಧ್ವನಿಗೊಂದು ಸಂಖ್ಯೆ. ಸೊನ್ನೆ ಸಂಖ್ಯೆಯ ಪೊಟ್ಟಣಗಳಲ್ಲಿ ಈ ಪ್ರವಾಹದಲ್ಲಿ ಯಾವ ಯಾವ ಸೇವೆಗಳಿವೆ, ಅವುಗಳ ವಿವರ ಯಾವ ಸಂಖ್ಯೆಯಲ್ಲಿ ಸಿಗುತ್ತದೆ ಎಂಬ ಕೋಷ್ಟಕವಿರುತ್ತದೆ. ಪೆಟ್ಟಿಗೆ ಮೊದಲು ಇದನ್ನು ಓದಿ, ಬೇಕಾದ ಸೇವೆಯ ಪೊಟ್ಟಣಗಳನ್ನು ಮಾತ್ರ ಆಯ್ದು ಚಿತ್ರವನ್ನು ಕಟ್ಟುತ್ತದೆ. ಒಂದು ಚಿತ್ರಕ್ಕೆ ಕನ್ನಡ, ತೆಲುಗು, ತಮಿಳು ಧ್ವನಿಗಳನ್ನು ಬೇರೆ ಬೇರೆ ಸಂಖ್ಯೆಗಳಲ್ಲಿ ಜೋಡಿಸುವುದೂ ಇದರಿಂದ ಸುಲಭ. 1975ರ ಪ್ರಯೋಗದಲ್ಲಿ ಎರಡು ಧ್ವನಿಗಳಿಗಾಗಿ ಮಾಡಿದ್ದ ಏರ್ಪಾಡು ಈಗ ಕೋಷ್ಟಕದ ಇನ್ನೊಂದು ಸಾಲಷ್ಟೇ. ಕನ್ನಡದ ಧ್ವನಿ ಒಂದು ಸೇವೆಯಲ್ಲಿ ಇಲ್ಲವೆಂದರೆ ಅದು ತಂತ್ರದ ಮಿತಿಯಿಂದಲ್ಲ ಎಂಬುದನ್ನು ಹೇಳಲು ಕೂಡ ಈ ಪದಗಳ ತಿಳಿವಳಿಕೆ ಬೇಕು.

ನೋಡುಗನ ದೃಷ್ಟಿಯ ಕಾರ್ಯಕ್ರಮ ಸೇವೆಗೆ ‘ವಾಹಿನಿ’ ಎಂಬ ಪದವನ್ನು ಬಿಟ್ಟುಕೊಡುವುದು ಅನಿವಾರ್ಯ. ಜನರ ಬಳಕೆಯನ್ನು ತಿದ್ದಹೊರಡುವುದು ವ್ಯರ್ಥ. ಭೌತಿಕವಾದ ಹಾದಿಗೆ ‘ಟ್ರಾನ್ಸ್‌ಪಾಂಡರ್’ ಅಥವಾ ‘ಆವೃತ್ತಿ ಪಥ’ ಎಂದೂ, ದೂರನಿಯಂತ್ರಕದಲ್ಲಿ ಒತ್ತುವ ಸಂಖ್ಯೆಗೆ ‘ವಾಹಿನಿ ಕ್ರಮಾಂಕ’ ಎಂದೂ ಬಳಸಿದರೆ ಮೂರೂ ಬೇರೆಯಾಗಿ ನಿಲ್ಲುತ್ತವೆ.

ಗೂಢೀಕರಣ ಮತ್ತು ‘ಉಚಿತ’

ಚಂದಾ ಕೊಟ್ಟವರು ಮಾತ್ರ ನೋಡುವಂತೆ ಪೊಟ್ಟಣಗಳ ಒಡಲನ್ನು ಕಲಕಿ ಕಳುಹಿಸುವುದು ಸ್ಕ್ರ್ಯಾಂಬ್ಲಿಂಗ್. ಆ ಕಲಕುವಿಕೆಯನ್ನು ಬಿಡಿಸುವ ಕೀಲಿಯನ್ನು ಅರ್ಹ ಪೆಟ್ಟಿಗೆಗಳಿಗೆ ತಲುಪಿಸುವ ವ್ಯವಸ್ಥೆ ‘ಷರತ್ತುಬದ್ಧ ಪ್ರವೇಶ’. ಕೀಲಿಯು ಕೆಲವು ಸೆಕೆಂಡುಗಳಿಗೊಮ್ಮೆ ಬದಲಾಗುತ್ತಿರುತ್ತದೆ, ಅದೂ ಪ್ರವಾಹದೊಳಗೇ ಗೂಢವಾಗಿ ಬರುತ್ತದೆ. ಹಣ ಕಟ್ಟಿದ ಮೇಲೂ ಸ್ವಲ್ಪ ಹೊತ್ತು ಪೆಟ್ಟಿಗೆಯನ್ನು ಚಾಲೂ ಇಡಬೇಕೆಂದು ಹೇಳುವುದು ಆ ಪೆಟ್ಟಿಗೆಯ ಹೆಸರಿಗೆ ಬರುವ ಅನುಮತಿ ಸಂದೇಶವನ್ನು ಅದು ಹಿಡಿಯಲೆಂದು.

‘ಫ್ರೀ-ಟು-ಏರ್’ ಎಂಬುದನ್ನು ‘ಉಚಿತ ವಾಹಿನಿ’ ಎಂದು ಬರೆಯುವುದರಲ್ಲಿ ಒಂದು ಎಡವಟ್ಟಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2017ರ ದರ ಆದೇಶದ ಪ್ರಕಾರ ಇದು ಪ್ರಸಾರಕನಿಗೆ ಶುಲ್ಕ ಸಲ್ಲಬೇಕಿಲ್ಲದ ವಾಹಿನಿ. 2019ರಲ್ಲಿ ಆ ವ್ಯವಸ್ಥೆ ಜಾರಿಗೆ ಬಂದಾಗ ಇಂತಹ ನೂರು ವಾಹಿನಿಗಳನ್ನು ಮಾತ್ರ ನೋಡುವವನೂ ವಿತರಕನಿಗೆ ತಿಂಗಳಿಗೆ ತೆರಿಗೆ ಬಿಟ್ಟು ಗರಿಷ್ಠ 130 ರೂಪಾಯಿವರೆಗೆ ಜಾಲ ಸಾಮರ್ಥ್ಯ ಶುಲ್ಕವನ್ನು ಕೊಡಬೇಕಾಗಿತ್ತು. ‘ಉಚಿತ’ ಎಂದು ಓದಿ ಬಿಲ್ಲಿನಲ್ಲಿ ಹಣ ಕಂಡವನು ಮೋಸವಾಯಿತೆಂದು ತಿಳಿದರೆ ದೋಷ ಅವನದಲ್ಲ, ಪದದ್ದು. ‘ಪ್ರಸಾರಶುಲ್ಕರಹಿತ ವಾಹಿನಿ’ ಎಂಬುದು ಉದ್ದವಾದರೂ ನಿಜವನ್ನು ಹೇಳುತ್ತದೆ.

ಬಲ ಮತ್ತು ಗುಣ

ಸಾದೃಶ್ಯ ಪ್ರಸಾರದಲ್ಲಿ ಸಿಗ್ನಲ್ ಕ್ಷೀಣಿಸಿದರೆ ಪರದೆಯ ಮೇಲೆ ಚುಕ್ಕೆಗಳು ಮೂಡಿ ಚಿತ್ರ ಮಸುಕಾಗುತ್ತಿತ್ತು. ಅಂಕೀಯ ಪ್ರಸಾರದಲ್ಲಿ ದೋಷ ತಿದ್ದುಪಡಿ ಸಾಧ್ಯವಿರುವವರೆಗೆ ಚಿತ್ರ ನಿರ್ಮಲ. ಆ ಮಿತಿಯನ್ನು ದಾಟಿದೊಡನೆ ಚೌಕಗಳಾಗಿ ಒಡೆದು ನಿಂತುಹೋಗುತ್ತದೆ, ನಡುವೆ ಇಳಿಜಾರಿಲ್ಲ. ಆದಕಾರಣ ಪೆಟ್ಟಿಗೆಯು ಎರಡು ಅಳತೆಗಳನ್ನು ತೋರಿಸುತ್ತದೆ. ಮೊದಲನೆಯದು ‘ಸಿಗ್ನಲ್ ಬಲ’. ತಂತಿಯಲ್ಲಿ ಬರುವ ಒಟ್ಟು ಶಕ್ತಿಯ ಅಳತೆ ಇದು. ಗದ್ದಲವೂ ಇದರಲ್ಲಿ ಸೇರಿದೆ. ಎರಡನೆಯದು ‘ಸಿಗ್ನಲ್ ಗುಣ’. ಅಪೇಕ್ಷಿತ ಪ್ರವಾಹವನ್ನು ಎಷ್ಟು ದೋಷರಹಿತವಾಗಿ ಓದಲಾಗುತ್ತಿದೆ ಎಂಬುದರ ಅಳತೆ ಅದು. ತಟ್ಟೆ ನೆರೆಯ ಉಪಗ್ರಹವನ್ನು ನೋಡುತ್ತಿದ್ದರೆ ಬಲ ಹೆಚ್ಚಿದ್ದು ಗುಣ ಸೊನ್ನೆಯಾಗಿರಬಹುದು. ‘ಸಿಗ್ನಲ್ ಬರುತ್ತಿಲ್ಲ’ ಎಂಬ ಒಂದೇ ಮಾತಿನಲ್ಲಿ ಈ ಎರಡು ಸ್ಥಿತಿಗಳೂ ಅಡಗಿವೆ. ಮೊದಲನೆಯದಕ್ಕೆ ತಂತಿಯನ್ನೋ ಎಲ್‌ಎನ್‌ಬಿಯನ್ನೋ ಪರೀಕ್ಷಿಸಬೇಕು; ಎರಡನೆಯದಕ್ಕೆ ದಿಕ್ಕನ್ನು ಸರಿಪಡಿಸಬೇಕು. ವರ್ಷದಲ್ಲಿ ಎರಡು ಬಾರಿ, ವಿಷುವಗಳ ಆಸುಪಾಸಿನ ಕೆಲವು ದಿನಗಳಲ್ಲಿ ಸೂರ್ಯ ಉಪಗ್ರಹದ ನೇರ ಹಿಂದೆ ಬಂದು ಕೆಲವು ನಿಮಿಷ ಗದ್ದಲ ಹೆಚ್ಚಿ ಗುಣ ಕುಸಿಯುತ್ತದೆ. ಈ ‘ಸೌರ ಅಡಚಣೆ’ಗೆ ದುರಸ್ತಿ ಇಲ್ಲ, ಕಾಯುವುದೊಂದೇ ಉಪಾಯ.

ಪದಗಳ ಆಯ್ಕೆಯ ತತ್ತ್ವಗಳು

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಂದಿನಿಂದ ಕನ್ನಡದ ವಿಜ್ಞಾನ ಲೇಖಕರನ್ನು ಕಾಡಿರುವ ಪ್ರಶ್ನೆ, ಪದವನ್ನು ಕಟ್ಟಬೇಕೋ ತರಬೇಕೋ ಎಂಬುದು. ಪ್ರಸ್ತುತ ವಿಷಯದಲ್ಲಿ ಕಂಡುಬರುವ ತತ್ತ್ವಗಳನ್ನು ಹೀಗೆ ಸಂಗ್ರಹಿಸಬಹುದು. ಮಾನಕಗಳ ಹೆಸರುಗಳನ್ನೂ ಅಕ್ಷರಸಂಕ್ಷೇಪಗಳನ್ನೂ ಅನುವಾದಿಸಬಾರದು. ಶಾಲಾ ಪಠ್ಯದಲ್ಲಿ ನೆಲೆಸಿದ ಪದವಿದ್ದರೆ ಅದಕ್ಕೇ ಆದ್ಯತೆ. ಇಂಗ್ಲಿಷಿನ ರೂಪಕವನ್ನು ಬಿಟ್ಟು ವಸ್ತುವಿನ ಕಾರ್ಯವನ್ನು ಹೆಸರಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ಬರಹದೊಳಗೆ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಈ ತತ್ತ್ವಗಳಿಗೆ ಅನುಗುಣವಾಗಿ ಲೇಖನದಲ್ಲಿ ಬಳಸಿದ ಮುಖ್ಯ ಪದಗಳು ಇವು:

ಫ್ರೀಕ್ವೆನ್ಸಿ – ಆವೃತ್ತಿ
ವೇವ್‌ಲೆಂಗ್ತ್ – ತರಂಗದೂರ
ಸ್ಪೆಕ್ಟ್ರಮ್ – ರೋಹಿತ
ಬ್ಯಾಂಡ್‌ವಿಡ್ತ್ – ಪಟ್ಟಿಯ ಅಗಲ
ಅಪ್‌ಲಿಂಕ್ – ಮೇಲ್ಮುಖ ಸಂಪರ್ಕ
ಡೌನ್‌ಲಿಂಕ್ – ಕೆಳಮುಖ ಸಂಪರ್ಕ
ಫುಟ್‌ಪ್ರಿಂಟ್ – ವ್ಯಾಪ್ತಿ ಪ್ರದೇಶ
ಅಜಿಮತ್ – ದಿಗಂಶ
ಎಲಿವೇಷನ್ – ಉನ್ನತಿ
ಪೋಲರೈಸೇಷನ್ – ಧ್ರುವೀಕರಣ
ಕಂಪ್ರೆಷನ್ – ಸಂಪೀಡನ
ಸಿಂಬಲ್ ರೇಟ್ – ಚಿಹ್ನಾ ದರ
ಎಫ್‌ಇಸಿ – ಮುಂಗಡ ದೋಷ ತಿದ್ದುಪಡಿ
ಮಲ್ಟಿಪ್ಲೆಕ್ಸ್ – ಹೆಣಿಗೆ
ಪ್ಯಾಕೆಟ್ – ಪೊಟ್ಟಣ
ಕಂಡಿಷನಲ್ ಆಕ್ಸೆಸ್ – ಷರತ್ತುಬದ್ಧ ಪ್ರವೇಶ
ಟ್ರಾನ್ಸ್‌ಪಾಂಡರ್, ಎಲ್‌ಎನ್‌ಬಿ, ಬಿಟ್, ಮಾಡ್ಯುಲೇಷನ್ – ಇದ್ದಂತೆಯೇ

ಉಪಸಂಹಾರ

ಪರಿಭಾಷೆಯ ಚರ್ಚೆಯನ್ನು ಪದಗಳ ಚೆಲುವಿಗೆ ಸಂಬಂಧಿಸಿದ್ದೆಂದು ಭಾವಿಸುವುದುಂಟು. ಇಲ್ಲಿ ಪರಿಶೀಲಿಸಿದ ಪದಗಳ ವಿಷಯದಲ್ಲಿ ಸಂಗತಿ ಹಾಗಿಲ್ಲ. ತಟ್ಟೆಯನ್ನು ತಾನೇ ತಿರುಗಿಸಿಕೊಳ್ಳಬೇಕಾದ ರೈತ, ಪಾಲಿಟೆಕ್ನಿಕ್‌ನಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳುವ ವಿದ್ಯಾರ್ಥಿ, ಬಿಲ್ಲಿನ ಲೆಕ್ಕವನ್ನು ಪ್ರಶ್ನಿಸುವ ಚಂದಾದಾರ, ರೋಹಿತದ ಹಂಚಿಕೆಯನ್ನು ಕುರಿತು ಬರೆಯುವ ಪತ್ರಕರ್ತ – ಇವರೆಲ್ಲರಿಗೂ ಬೇಕಾಗಿರುವುದು ಬೇರೆ ಬೇರೆ ವಸ್ತುಗಳನ್ನು ಬೇರೆ ಬೇರೆಯಾಗಿ ಹೇಳಬಲ್ಲ ಭಾಷೆ. ಅದಕ್ಕೆ ಬೇಕಾದ ಪದಗಳಲ್ಲಿ ಬಹುಪಾಲು ಕನ್ನಡದಲ್ಲಿ ಈಗಾಗಲೇ ಇವೆ. ಅವುಗಳ ನಡುವೆ ಗಡಿಗಳನ್ನು ಹಾಕಿಕೊಂಡು, ಪಠ್ಯಪುಸ್ತಕ, ಪತ್ರಿಕೆ ಮತ್ತು ಪೆಟ್ಟಿಗೆಯ ಪರದೆ ಮೂರರಲ್ಲಿಯೂ ಒಂದೇ ರೀತಿಯಾಗಿ ಬಳಸುವ ಕೆಲಸ ಮಾತ್ರ ಉಳಿದಿದೆ.